ಎರಡನೆಯ ಸಲ ಕರೆಯದ ದಿನ

ಈ ಸಭೆಯ ಅಧ್ಯಕ್ಷ ಪೀಠದಲ್ಲಿರುವ, ನಮ್ಮ ಮಂಡಲ ಪಂಚಾಯತಿನ ಪ್ರಧಾನರೂ ಕೇರಳದಿಂದ ಬಂದು ನೆಲೆಸಿದ ರಬ್ಬರ್ ಕೃಷಿಕರೂ ಆದ ಶ್ರೀ ಚಾಂಡಿಯವರೇ, ವೇದಿಕೆಯನ್ನು ಅಲಂಕರಿಸಿರುವ ಅತಿಥಿಗಳೇ, ಈ ಸಭಾಂಗಣವನ್ನು ಬಿಟ್ಟುಕೊಟ್ಟ ಶಾಲೆಯ ಮುಖ್ಯೋಪಾಧ್ಯಾಯರೇ, ಮೇ ತಿಂಗಳ ಸೆಖೆಯಲ್ಲಿ ಶಾಲು ಹೊದ್ದು ಬೆವರುತ್ತ ಕೂತಿರುವ ನನ್ನ ಹಳೆಯ ಗೆಳೆಯ ಕುಕ್ಕಪ್ಪನವರೇ, ಮತ್ತು ಕಡಬದಿಂದ, ಕೊಯಿಲದಿಂದ, ಅತ್ತ ಕೊಲ್ಲಮೊಗ್ರಿನಿಂದಲೂ ಬಸ್ಸು ಜೀಪು ಹಿಡಿದು ಬಂದಿರುವ ಸಭಿಕರೇ, ನಿಮಗೆಲ್ಲರಿಗೂ ಈ ಕುಶಾಲಪ್ಪನ ವಂದನೆಗಳು.

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ನನಗಿಂತ ಮೊದಲು ಮಾತಾಡಿದ ಮೂವರಿಗೂ ಹತ್ತತ್ತು ನಿಮಿಷವೇ ಕೊಟ್ಟದ್ದು. ನಾನು ಕೈಗಡಿಯಾರ ನೋಡುತ್ತಿದ್ದೆ. ಒಬ್ಬರು ಹದಿನೇಳು, ಇನ್ನೊಬ್ಬರು ಇಪ್ಪತ್ತೆರಡು, ಮೂರನೆಯವರು ಮುಗಿಸುವಾಗ ನನ್ನ ಪಕ್ಕದ ಅತಿಥಿಗಳು ಒಂದು ಸಣ್ಣ ನಿದ್ದೆ ಮುಗಿಸಿ ಎದ್ದಿದ್ದರು. ಯಾರೂ ಬೇಸರಿಸಬೇಡಿ. ಗಡಿಯಾರ ನೋಡುವುದು ನನಗೆ ಹುಟ್ಟುಗುಣವಲ್ಲ, ಉದ್ಯೋಗ ಕಲಿಸಿದ ಚಟ. ನನ್ನ ಹೆಂಡತಿ ವಾರಿಜಾಕ್ಷಿ ಈಗಲೂ ಹೇಳುವುದುಂಟು: "ನಿಮಗೆ ಅನ್ನ ಬೇಯುದಕ್ಕೂ ಟೈಮ್‌ಟೇಬಲ್ ಬೇಕು ಮಾರಾಯ್ರೆ."

ಆ ಮೂವರೂ ಕುಕ್ಕಪ್ಪನವರನ್ನು ಹೊಗಳಿದರು. ಹದಿನೈದು ವರ್ಷ ಮಳೆ ಬಿಸಿಲೆನ್ನದೆ ಹೊಳೆಯ ನೀರು ಅಳೆದವರು ಎಂದರು. ಸಜ್ಜನರು, ಮಿತಭಾಷಿಗಳು ಎಂದರು. ಎಲ್ಲವೂ ನಿಜ. ಆದರೆ ಒಂದು ವಿಷಯವನ್ನು ಮೂವರೂ ಬಳಸಿಕೊಂಡು ದಾಟಿದರು. ಎಂಬತ್ತೆರಡರ ಮಳೆಗಾಲದ ಒಂದು ದಿನವನ್ನು ಯಾರೂ ಎತ್ತಲಿಲ್ಲ. ಶುಭ ಸಮಾರಂಭದಲ್ಲಿ ಯಾಕೆ ಅದು ಎಂದು ಬಿಟ್ಟಿರಬೇಕು. ಆದರೆ ಸಭಿಕರೇ, ಈ ಸಭಾಂಗಣದಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನರಿಗೆ ಕುಕ್ಕಪ್ಪ ಎಂದಾಕ್ಷಣ ನೆನಪಾಗುವುದು ಆ ದಿನವೇ ಅಲ್ಲವೇ? "ಅವತ್ತು ನಿದ್ದೆ ಮಾಡಿದ ಮನುಷ್ಯ" ಎಂದು ಬಸ್ಸಿನಲ್ಲಿ, ಹೋಟೆಲಿನಲ್ಲಿ ಹೇಳಿದವರು ಇಲ್ಲಿಯೂ ಇದ್ದಾರಲ್ಲವೇ? ನಾಲ್ಕು ದಿನ ಕಳೆದರೆ ಅವರು ನಿವೃತ್ತರು. ಆ ಮಾತನ್ನು ಹೊತ್ತುಕೊಂಡೇ ಅವರು ಮನೆಗೆ ಹೋಗಬಾರದು. ಅದಕ್ಕಾಗಿಯೇ ನಾನು ಮಂಗಳೂರಿನಿಂದ ಬಂದದ್ದು. ಬರೆದುಕೊಂಡೂ ಬಂದಿದ್ದೇನೆ, ಇಲ್ಲಿದೆ ಕಾಗದ.

ಆದರೆ ಆ ದಿನ ಅರ್ಥವಾಗಬೇಕಾದರೆ ನಮ್ಮ ಕೆಲಸ ಎಂತಹದು ಎಂದು ಮೊದಲು ಗೊತ್ತಾಗಬೇಕು. ಸ್ವಲ್ಪ ತಾಳ್ಮೆ ಇರಲಿ.

ಎಪ್ಪತ್ತನಾಲ್ಕರಲ್ಲಿ ಹೊಳೆಯ ನೀರಿನ ಮಟ್ಟ ತಿಳಿಸುವುದಕ್ಕಾಗಿ ನಮ್ಮ ವೈರ್‌ಲೆಸ್ ಜಾಲ ಶುರುವಾಯಿತು. ಘಟ್ಟದ ಬುಡದಿಂದ ಕೆಳಗಿನವರೆಗೆ ಒಂಬತ್ತು ನಿಲ್ದಾಣ. ಪ್ರತಿಯೊಂದರಲ್ಲಿ ಒಬ್ಬ ಮನುಷ್ಯ, ಹೊಳೆಯಲ್ಲಿ ಒಂದು ಅಳತೆಯ ಕಂಬ, ಹಂಚಿನ ಕೋಣೆಯಲ್ಲಿ ಒಂದು ವೈರ್‌ಲೆಸ್ ಸೆಟ್ಟು, ಒಂದು ಬ್ಯಾಟರಿ. ಈ ಒಂಬತ್ತನ್ನೂ ಕರೆದು ಲೆಕ್ಕ ಕೇಳುವ ಕೇಂದ್ರ ಪುತ್ತೂರಿನ ಗುಡ್ಡದ ಮೇಲೆ. ಅಲ್ಲಿ ಕೂತವನು ನಾನು. ಕೊಲ್ಲಮೊಗ್ರಿನ ನಿಲ್ದಾಣದಲ್ಲಿ ಕೂತವರು ಕುಕ್ಕಪ್ಪ.

ನೀವು ಕೇಳಬಹುದು, ಕೊಲ್ಲಮೊಗ್ರಿನವನು ನೇರವಾಗಿ ಕಡಬದವನಿಗೆ ಹೇಳಿದರಾಗದೇ, ನಡುವೆ ಪುತ್ತೂರು ಯಾಕೆ ಎಂದು. ನಮ್ಮದು ಸೆಕೆಂಡಿಗೆ ಏಳು ಕೋಟಿ ಸಲಕ್ಕಿಂತ ಹೆಚ್ಚು ಕಂಪಿಸುವ ಅಲೆ. ಆ ಕಂಪನವನ್ನು ಹಿಡಿದಿಡುವುದಕ್ಕೆ ಸೆಟ್ಟಿನೊಳಗೆ ಉಗುರಿನಷ್ಟು ಅಗಲದ ಒಂದು ಹರಳು. ಇಂತಹ ಅಲೆ ಬೆಳಕಿನ ಹಾಗೆ, ಹೆಚ್ಚುಕಡಿಮೆ ನೇರ ಹೋಗುತ್ತದೆ. ಅಡ್ಡ ಗುಡ್ಡ ಬಂದರೆ ಅದರ ಹಿಂದೆ ನೆರಳು ಬಿದ್ದ ಹಾಗೆ. ಕೊಲ್ಲಮೊಗ್ರಿಗೂ ಕಡಬಕ್ಕೂ ನಡುವೆ ಎಷ್ಟು ಗುಡ್ಡಗಳು ಉಂಟು ಎಂದು ಜೀಪಿನಲ್ಲಿ ಹೋಗಿ ಬಂದವರ ಸೊಂಟಕ್ಕೆ ಗೊತ್ತು. ಪುತ್ತೂರಿನ ಗುಡ್ಡ ಮಾತ್ರ ಎಲ್ಲರಿಗೂ ಕಾಣುವಂತಹದು. ಕೊಲ್ಲಮೊಗ್ರಿನಲ್ಲಿ ಅದೂ ಸಾಲದೆ, ಕುಕ್ಕಪ್ಪ ಸ್ವತಃ ಒಂದು ಹೆಬ್ಬಲಸಿನ ಮರ ಹತ್ತಿ ಆ್ಯಂಟೆನಾವನ್ನು ತುದಿಗೆ ಕಟ್ಟಿದರು. ಆ ದಿನ ಮೊದಲ ಬಾರಿಗೆ ಅವರ ದನಿ ನನಗೆ ಸ್ಪಷ್ಟವಾಗಿ ಕೇಳಿತು. ಅವರು ಹೇಳಿದ್ದು: "ಇರುವೆ ಕಚ್ಚುತ್ತದೆ, ಬೇಗ ಹೇಳಿ ಕೇಳ್ತದಾ ಇಲ್ವಾ."

ಇನ್ನೊಂದು ತೊಂದರೆ. ಒಂಬತ್ತು ಊರು, ಆದರೆ ನಮಗೆ ಕೊಟ್ಟದ್ದು ಒಂದೇ ಫ್ರೀಕ್ವೆನ್ಸಿ. ಇಬ್ಬರು ಒಟ್ಟಿಗೆ ಮಾತಾಡಿದರೆ ಎರಡೂ ಮಾತು ಕಲಸಿ ಬರೀ ಕೀರಲು ಶಬ್ದ. ಏನು ಮಾಡುವುದು? ನಮ್ಮ ಹಿರಿಯರು ತೋಡಿಗೆ ಕಟ್ಟ ಹಾಕಿ ಎಲ್ಲರ ಗದ್ದೆಗೂ ಸರದಿಯಲ್ಲಿ ನೀರು ಬಿಡುತ್ತಿದ್ದರಲ್ಲ, ಅದನ್ನೇ ಮಾಡಿದೆವು. ಮಧ್ಯಾಹ್ನ ಎರಡು ಗಂಟೆಗೆ ಸರಿಯಾಗಿ ಶುರು. ಒಬ್ಬೊಬ್ಬರಿಗೆ ಒಂದೊಂದು ನಿಮಿಷ. ಕೊಲ್ಲಮೊಗ್ರು ನಾಲ್ಕನೆಯದು. ಒಂಬತ್ತು ನಿಮಿಷಕ್ಕೆ ಒಂಬತ್ತು ಊರು ಮುಗಿಯಬೇಕು. ಹತ್ತನೆಯ ನಿಮಿಷ ಖಾಲಿ. ಅದು ತಪ್ಪಿಹೋದವರನ್ನು ಮತ್ತೆ ಕರೆಯುವುದಕ್ಕೆ. ಎರಡು ಹತ್ತಾದ ಮೇಲೆ ಆ ಫ್ರೀಕ್ವೆನ್ಸಿ ನಮ್ಮದಲ್ಲ, ಬೇರೆ ಜಿಲ್ಲೆಯ ಇನ್ನೊಂದು ಜಾಲದ್ದು. ಆಮೇಲೆ ನಾವು ಬಾಯಿ ತೆರೆಯುವಂತಿಲ್ಲ.

ಒಂಬತ್ತು ಗಡಿಯಾರಗಳು ಒಂದೇ ಸಮಯ ತೋರಿಸಬೇಕಲ್ಲ? ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಪಿಪ್ ಪಿಪ್ ಎನ್ನುತ್ತದೆ ನೋಡಿ, ಆ ಶಬ್ದಕ್ಕೆ ಎಲ್ಲರೂ ಮುಳ್ಳು ಕೂಡಿಸಿಕೊಳ್ಳಬೇಕು. ನಾನು ಬಹಳ ಕಟ್ಟುನಿಟ್ಟಿನವನಾಗಿದ್ದೆ. ಕರೆಯದೆ ಯಾರೂ ಮಾತಾಡಬಾರದು. ಎಪ್ಪತ್ತೆಂಟರಲ್ಲಿ ಒಮ್ಮೆ ಕುಕ್ಕಪ್ಪ ಕೊಯಿಲದವರ ನಿಮಿಷದಲ್ಲಿ ನಡುವೆ ಬಾಯಿ ಹಾಕಿದರು. ತಮ್ಮ ಊರಿನಲ್ಲಿ ಆನೆ ಬಂದಿದೆ ಎಂದು ಹೇಳುವುದಕ್ಕೆ. ನಾನು ಲಿಖಿತ ಎಚ್ಚರಿಕೆ ಕಳಿಸಿದೆ. ಆನೆಗೆ ಕಳಿಸುವಂತಿರಲಿಲ್ಲ, ಅವರಿಗೆ ಕಳಿಸಿದೆ. ಅಂದಿನಿಂದ ಅವರು ಇನ್ನೊಬ್ಬರ ನಿಮಿಷದಲ್ಲಿ ಒಂದು ಅಕ್ಷರ ಮಾತಾಡಿದವರಲ್ಲ.

ಆ ದಿನಗಳು ಎಷ್ಟು ಚೆನ್ನಾಗಿದ್ದವು! ನಲವತ್ತು ಸೆಕೆಂಡಿನಲ್ಲಿ ಮಳೆ ಮತ್ತು ನೀರಿನ ಲೆಕ್ಕ ಮುಗಿಯುತ್ತಿತ್ತು. ಉಳಿದ ಇಪ್ಪತ್ತು ಸೆಕೆಂಡಿನಲ್ಲಿ ಕುಕ್ಕಪ್ಪ ಲೋಕವಾರ್ತೆ ಹೇಳುತ್ತಿದ್ದರು. "ಮಳೆ ಎಪ್ಪತ್ತು ಮಿಲಿಮೀಟರ್, ನೀರು ಆರಡಿ, ಹಲಸು ಹಣ್ಣಾಗಿದೆ, ಬನ್ನಿ." ನಾನು ಗದರಿದ ಹಾಗೆ ಮಾಡುತ್ತಿದ್ದೆ. ಆದರೆ ಮೂರನೆಯ ಊರಿನ ಲೆಕ್ಕ ಬರೆದುಕೊಳ್ಳುವಾಗಲೇ ನನ್ನ ಕಿವಿ ನಾಲ್ಕನೆಯದಕ್ಕೆ ಕಾಯುತ್ತಿತ್ತು ಎಂದು ಈಗ ಒಪ್ಪಿಕೊಂಡರೆ ತಪ್ಪೇನು? ಇಡೀ ದಿನ ಒಂದು ಗುಡ್ಡದ ಮೇಲೆ ಒಬ್ಬನೇ ಕೂತವನು ನಾನು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಶುರುವಿನ ವರ್ಷದಲ್ಲೇ ಒಂದು ವಿಚಿತ್ರ ಕಂಡುಬಂತು. ಉಳಿದ ಎಂಟು ಊರುಗಳು ಕರೆದ ಕೂಡಲೇ ಉತ್ತರಿಸುತ್ತವೆ. ಕೊಲ್ಲಮೊಗ್ರು ಮಾತ್ರ ಮೊದಲ ಕರೆಗೆ ಮೌನ. ಹತ್ತು ಸೆಕೆಂಡು ಬಿಟ್ಟು ಎರಡನೆಯ ಸಲ ಕರೆದರೆ ತಕ್ಷಣ "ಓ, ಹೇಳಿ." ಪ್ರತಿದಿನ ಹೀಗೆಯೇ. ಬೆಂಗಳೂರಿನಿಂದ ತಂತ್ರಜ್ಞರು ಬಂದರು. ಅಲೆ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ, ಪುತ್ತೂರಿನಿಂದ ಕೊಲ್ಲಮೊಗ್ರಿಗೆ ಸೆಕೆಂಡಿನ ಆರು ಸಾವಿರದಲ್ಲಿ ಒಂದು ಪಾಲೂ ಬೇಡ, ಹಾಗಾದರೆ ಈ ಹತ್ತು ಸೆಕೆಂಡು ಎಲ್ಲಿಗೆ ಹೋಯಿತು ಎಂದು ಕಾಗದದ ಮೇಲೆ ಗುಣಿಸಿ ಭಾಗಿಸಿದರು. ಹರಳು ಬದಲಿಸಿದರು. ಕೇಬಲ್ ಬದಲಿಸಿದರು. ಘಟ್ಟಕ್ಕೆ ಬಡಿದು ಅಲೆ ಹಿಂದೆ ಬರುತ್ತಿರಬೇಕು ಎಂದು ವರದಿ ಬರೆದು, ಊಟ ಮಾಡಿ ಹೋದರು.

ನಾನು ಒಂದು ದಿನ ರಜೆ ಹಾಕಿ ಕೊಲ್ಲಮೊಗ್ರಿಗೆ ಹೋಗಿ ಅವರ ಕೋಣೆಯಲ್ಲಿ ಕೂತೆ. ಎರಡು ಗಂಟೆ ಮೂರು ನಿಮಿಷಕ್ಕೆ ಪುತ್ತೂರಿನಿಂದ ನನ್ನ ಬದಲಿಯವರು ಕರೆದರು. ಕುಕ್ಕಪ್ಪ ಮೈಕು ಕೈಯಲ್ಲಿ ಹಿಡಿದು, ಲೆಕ್ಕ ಎದುರಿಗಿಟ್ಟುಕೊಂಡು, ಸುಮ್ಮನೆ ಕೂತಿದ್ದಾರೆ! ಎರಡನೆಯ ಸಲ ಕರೆದ ಮೇಲೆ ಗುಂಡಿ ಒತ್ತಿದರು.

"ಎಂತ ಮಾರಾಯ, ಮೊದಲ ಸಲ ಕೇಳ್ಲಿಲ್ವಾ?" ಎಂದೆ.

"ಕೇಳಿತು. ಕೇಳದೆ ಎಂತ? ಆದರೆ ಅಜ್ಜಿ ಹೇಳಿದ್ದುಂಟು ಕುಶಾಲಪ್ಪಣ್ಣ. ಮುಖ ಕಾಣದವರು ಒಮ್ಮೆ ಕರೆದರೆ ಓ ಹೇಳ್ಬಾರ್ದು. ಮನುಷ್ಯರಾದರೆ ಇನ್ನೊಮ್ಮೆ ಕರೀತಾರೆ. ಕುಲೆಯಾದರೆ ಒಂದೇ ಸಲ ಕರೆಯುದು."

ಕುಲೆ ಎಂದರೆ ಸತ್ತವರ ಆತ್ಮ, ಚಾಂಡಿಯವರೇ, ನಿಮಗೂ ಇಷ್ಟು ವರ್ಷದಲ್ಲಿ ಗೊತ್ತಾಗಿರುತ್ತದೆ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರು ನಗಲಿಲ್ಲ. "ಅಭ್ಯಾಸ ಆಗಿಹೋಗಿದೆ. ಬಾಯಿ ಬಿಡುವಾ ಅಂದ್ರೂ ಬರುದಿಲ್ಲ" ಎಂದರು. ನಮ್ಮ ಮನೆಯಲ್ಲೂ ಅಜ್ಜಿ ಹಾಗೆಯೇ ಹೇಳುತ್ತಿದ್ದರಲ್ಲ ಎಂದು ನನಗೂ ನೆನಪಾಯಿತು. ನೀವೇ ಹೇಳಿ, ಮೂರುಸಂಜೆಗೆ ತೋಟದ ಆಚೆಯಿಂದ ಯಾರೋ ನಿಮ್ಮ ಹೆಸರು ಹಿಡಿದು ಕರೆದರೆ, ನಿಮ್ಮಲ್ಲಿ ಎಷ್ಟು ಜನ ಮೊದಲ ಸಲಕ್ಕೇ ಓ ಎನ್ನುತ್ತೀರಿ? ಕೈ ಎತ್ತಿ ನೋಡೋಣ. ಒಂದು, ಎರಡು... ಸಾಕು, ಇಳಿಸಿ.

ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಮೇಲಿನವರು ಅವರನ್ನು ಮೂಢ ಎಂದು ತೆಗೆದುಹಾಕುತ್ತಿದ್ದರು. ಒಂದು ಉಪಾಯ ಮಾಡಿದೆ. ಅವರ ನಿಮಿಷ ಶುರುವಾಗುವುದಕ್ಕೆ ಹತ್ತು ಸೆಕೆಂಡು ಮುಂಚೆಯೇ ಮೊದಲ ಕರೆ ಕೊಟ್ಟುಬಿಡುವುದು. ಎರಡನೆಯ ಕರೆ ಸರಿಯಾಗಿ ಅವರ ನಿಮಿಷಕ್ಕೆ ಬೀಳುತ್ತಿತ್ತು. ಏಳು ವರ್ಷ ಹೀಗೆ ನಡೆಸಿದೆ. ಅದು ನನಗೂ ಅವರಿಗೂ ಮಾತ್ರ ಗೊತ್ತಿದ್ದ ವ್ಯವಸ್ಥೆ.

ಮೊನ್ನೆ ಮಂಗಳೂರಿನ ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ಓದಿದೆ. ಯುರೋಪಿನಲ್ಲಿ ಕೈಯಲ್ಲಿ ಹಿಡಿದುಕೊಂಡು ಓಡಾಡುವ ಟೆಲಿಫೋನು ತಯಾರಾಗುತ್ತಿದೆಯಂತೆ. ತಂತಿ ಇಲ್ಲ. ಊರನ್ನೆಲ್ಲ ಜೇನುಗೂಡಿನ ಕಣ್ಣುಗಳ ಹಾಗೆ ವಿಭಾಗ ಮಾಡುತ್ತಾರೆ, ಕಣ್ಣಿಗೊಂದು ಗೋಪುರ. ಅಕ್ಕಪಕ್ಕದ ಕಣ್ಣುಗಳಿಗೆ ಬೇರೆ ಬೇರೆ ಫ್ರೀಕ್ವೆನ್ಸಿ. ದೂರದ ಕಣ್ಣಿಗೆ ಅದೇ ಫ್ರೀಕ್ವೆನ್ಸಿ ಮತ್ತೆ ಕೊಡಬಹುದು, ನಾವು ಬೇರೆ ಜಿಲ್ಲೆಯವರ ಜೊತೆ ಹಂಚಿಕೊಂಡ ಹಾಗೆ. ಒಂದೊಂದು ಫ್ರೀಕ್ವೆನ್ಸಿಯಲ್ಲಿ ಎಂಟು ಜನರಿಗೆ ಸರದಿ. ಆ ಸರದಿ ನಮ್ಮ ಹಾಗೆ ಒಂದು ನಿಮಿಷದ್ದಲ್ಲ, ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಸುತ್ತಿ ಸುತ್ತಿ ಎಷ್ಟು ಬೇಗ ಬರುತ್ತದೆಂದರೆ ಎಂಟು ಜನರಿಗೂ ತಾನೊಬ್ಬನೇ ಮಾತಾಡುತ್ತಿದ್ದೇನೆ ಎಂದು ತೋರುತ್ತದೆ.

ಅದರಲ್ಲಿ ಒಂದು ವಿಷಯವನ್ನು ನಾನು ಮೂರು ಸಲ ಓದಿದೆ. ಗೋಪುರದಿಂದ ದೂರ ಇರುವವನ ಅಲೆ ತಲುಪುವಾಗ ಒಂದು ಚೂರು ತಡವಾಗುತ್ತದಂತೆ. ತಡವಾದರೆ ಮುಂದಿನವನ ಸರದಿಯ ಮೇಲೆ ಬಿದ್ದು ಎರಡೂ ಹಾಳು. ಆಗ ಗೋಪುರ ಏನು ಮಾಡುತ್ತದೆ ಗೊತ್ತೇ? ಅವನನ್ನು ಬಿಟ್ಟುಬಿಡುವುದಿಲ್ಲ. ಅವನು ಎಷ್ಟು ತಡ ಎಂದು ಅಳೆದು, ನೀನು ಅಷ್ಟು ಮುಂಚಿತವಾಗಿ ಶುರು ಮಾಡು ಎಂದು ಹೇಳುತ್ತದೆ. ದೂರದವನಿಗೆ ದೂರದ ರಿಯಾಯಿತಿ. ಯಂತ್ರಕ್ಕೂ ಆ ದಾಕ್ಷಿಣ್ಯ ಉಂಟು, ಸಭಿಕರೇ. ನಾನು ಏಳು ವರ್ಷ ಮಾಡಿದ್ದು ಅದನ್ನೇ. ಎಂಟನೆಯ ವರ್ಷ ಒಂದು ದಿನ ಮಾಡಲಿಲ್ಲ.

ಎಂಬತ್ತೆರಡರ ಆಟಿ ತಿಂಗಳು, ಮಳೆಗಾಲದ ನಡು. ಕಡಬದ ಕೆಳಗೆ ಈಗ ಸೇತುವೆ ಇರುವಲ್ಲಿ ಆಗ ಕಡವು. ದೋಣಿ ನಡೆಸುತ್ತಿದ್ದವರು ಹೈದರ್. ಕಡವಿನ ಪಕ್ಕದಲ್ಲಿ ಒಂದು ಹಲಗೆ ನೆಟ್ಟಿದ್ದರು. ದಿನವೂ ಎರಡೂವರೆಗೆ ಕಡಬದ ನಿಲ್ದಾಣದಿಂದ ಒಬ್ಬರು ಸೈಕಲಿನಲ್ಲಿ ಬಂದು, ಕಡಬದ ನಿಮಿಷದಲ್ಲಿ ನಾನು ತಿಳಿಸಿದ ಮೇಲಿನ ಊರುಗಳ ನೀರಿನ ಮಟ್ಟವನ್ನು ಸೀಮೆಸುಣ್ಣದಲ್ಲಿ ಬರೆಯುವುದು ಕ್ರಮ. ಕೊಲ್ಲಮೊಗ್ರಿನಲ್ಲಿ ನೀರು ಏರಿದರೆ ಮೂರೂವರೆ ಗಂಟೆ ಕಳೆದ ಮೇಲೆ ಕಡವಿನಲ್ಲಿ ಏರುತ್ತದೆ. ಹೈದರರಿಗೆ ಓದಲು ಬರುತ್ತಿರಲಿಲ್ಲ, ಆದರೆ ಅಂಕೆ ಗೊತ್ತಿತ್ತು. ಹನ್ನೆರಡು ದಾಟಿದರೆ ದೋಣಿ ಕಟ್ಟಿಹಾಕುತ್ತಿದ್ದರು.

ಆ ದಿನ ನನ್ನ ಕೇಂದ್ರಕ್ಕೆ ಮೇಲಿನ ಅಧಿಕಾರಿಯೊಬ್ಬರು ತಪಾಸಣೆಗೆ ಬಂದಿದ್ದರು. ಹೆಸರು ಬೇಡ, ಅವರು ಒಳ್ಳೆಯವರೇ. ಕೈಯಲ್ಲಿ ಒಂದು ಸ್ಟಾಪ್‌ವಾಚು. "ಒಂಬತ್ತು ನಿಮಿಷ ಯಾಕೆ ಬೇಕು? ಏಳರಲ್ಲಿ ಮುಗಿಸಲಾಗದೇ?" ಎಂದು ಕೇಳಿದರು. ನನಗೆ ಹುರುಪು ಹತ್ತಿತು. ನನ್ನ ಸಮಯಪಾಲನೆಯನ್ನು ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಉಂಟೇ? ಒಂದು, ಎರಡು, ಮೂರು ಊರು ಚಕಚಕನೆ ಮುಗಿದವು. ಕೊಲ್ಲಮೊಗ್ರನ್ನು ಕರೆದೆ. ಮೌನ.

ನನಗೆ ಗೊತ್ತಿತ್ತು. ಇನ್ನೊಮ್ಮೆ ಕರೆದರೆ ಸಾಕು ಎಂದು ಗೊತ್ತಿತ್ತು. ಅವರು ಮೈಕು ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿದ ಹಾಗಿತ್ತು. ಆದರೆ ಪಕ್ಕದಲ್ಲಿ ಸ್ಟಾಪ್‌ವಾಚು ಓಡುತ್ತಿತ್ತು. "ಕೊಲ್ಲಮೊಗ್ರು, ಉತ್ತರವಿಲ್ಲ" ಎಂದು ರಿಜಿಸ್ಟರಿನಲ್ಲಿ ಬರೆದು, ಐದನೆಯದನ್ನು ಕರೆದೆ. ಮೂರು ಸಲ ಕರೆದ ಮೇಲೆಯೇ ಹಾಗೆ ಬರೆಯಬೇಕು ಎಂಬುದು ನಿಯಮ. ಆ ನಿಯಮ ಬರೆದವನೂ ನಾನೇ.

ಕುಕ್ಕಪ್ಪನ ಎದುರಿನ ಕಾಗದದಲ್ಲಿದ್ದ ಅಂಕೆ ಹದಿನಾರು. ಎರಡೇ ಗಂಟೆಗಳಲ್ಲಿ ಹೊಳೆ ಒಂಬತ್ತರಿಂದ ಹದಿನಾರಡಿಗೆ ಏರಿತ್ತು. ಅವರು ಐದನೆಯವರ ನಿಮಿಷದಲ್ಲಿ ಯಾಕೆ ಮಾತಾಡಲಿಲ್ಲ? ಆನೆಯ ಸುದ್ದಿಗೆ ನಾನು ಕಳಿಸಿದ ಕಾಗದ ಅವರ ಗೋಡೆಯಲ್ಲಿ ಮೊಳೆಗೆ ಸಿಕ್ಕಿಸಿತ್ತು. ಎರಡು ಹತ್ತು ಆದ ಮೇಲೆ ಗತಿಯಿಲ್ಲದೆ ಮಾತಾಡಿದರಂತೆ. ಆಗ ಬೇರೆಯವರ ಸರದಿ, ಎಲ್ಲ ಕಲಸಿಹೋಯಿತು. ಸೆಟ್ಟು ಬಿಟ್ಟು ಓಡಿದರು. ಮುಖ್ಯರಸ್ತೆಯವರೆಗೆ ಆ ಮಳೆಯಲ್ಲಿ ಓಡಿ, ಒಂದು ಮರ ಸಾಗಿಸುವ ಲಾರಿ ಹತ್ತಿ, ಅದು ಕೆಟ್ಟು ನಿಂತಲ್ಲಿಂದ ಜೀಪು ಹಿಡಿದು ಕಡವಿಗೆ ಮುಟ್ಟುವಾಗ ಆರಕ್ಕೆ ಹತ್ತು ನಿಮಿಷ.

ಐದೂಕಾಲಿಗೆ ಹೈದರ್ ಕೊನೆಯ ಸವಾರಿಯನ್ನು ಈ ದಡಕ್ಕೆ ಇಳಿಸಿದ್ದರು. ಆ ದೋಣಿಯಲ್ಲಿದ್ದವರು ಇವತ್ತಿನ ನಮ್ಮ ಅಧ್ಯಕ್ಷರು, ಚಾಂಡಿಯವರು. ಅವರೇ ನನಗೆ ಹೇಳಿದ್ದು. ನೀರಿನ ಬಣ್ಣ ನೋಡಿ ಚಾಂಡಿಯವರು, ಇವತ್ತು ಈಚೆಯೇ ಉಳಿಯಿರಿ ಎಂದರಂತೆ. ಹೈದರ್ ಹಲಗೆಯಲ್ಲಿ ಕೊಲ್ಲಮೊಗ್ರಿನ ಜಾಗ ಖಾಲಿ ಇದ್ದದ್ದು ನೋಡಿ, "ಕುಕ್ಕಪ್ಪಣ್ಣ ಎಂತದೂ ಹೇಳ್ಲಿಲ್ಲಲ್ಲ ಚೇಟಾ. ಹೇಳುದಿದ್ರೆ ಅವರು ಹೇಳದೆ ಇರುವವರಲ್ಲ" ಎಂದು ಹುಟ್ಟು ಹಾಕಿದರು. ಮನೆ ಆಚೆ ದಡದಲ್ಲಿತ್ತು. ಹೊಳೆಯ ನಡುವೆ ಒಂದು ಮರದ ದಿಮ್ಮಿ ತೇಲಿ ಬಂದು ಬಡಿಯಿತು. ದೋಣಿ ಮರುದಿನ ಸಿಕ್ಕಿತು. ಹೈದರ್ ಸಿಕ್ಕಿದ್ದು ಮೂರನೆಯ ದಿನ.

ಅವರ ಹೆಂಡತಿ ಸುಹರಾ ಆಚೆ ದಡದಿಂದ ಸುತ್ತು ದಾರಿಯಲ್ಲಿ ಈಚೆ ಬಂದಾಗ ಕುಕ್ಕಪ್ಪ ಒದ್ದೆ ಮೈಯಲ್ಲಿ ಅಲ್ಲಿಯೇ ನಿಂತಿದ್ದರು. ಅಷ್ಟರಲ್ಲಿ, ಕೊಲ್ಲಮೊಗ್ರಿನವ ಉತ್ತರಿಸಲಿಲ್ಲವಂತೆ ಎಂಬ ಸುದ್ದಿ ಹಬ್ಬಿತ್ತು. ಸುಹರಾ ಕುಕ್ಕಪ್ಪನನ್ನು ನೋಡಿ ಒಂದೇ ಮಾತು ಕೇಳಿದರಂತೆ: "ನಿದ್ದೆ ಆಯ್ತಾ ನಿಮ್ದು?"

ಅಂದಿನಿಂದ ಇಂದಿನವರೆಗೆ ಕುಕ್ಕಪ್ಪ ಆ ದಾರಿಯಲ್ಲಿ ಹೋದವರಲ್ಲ. ಸೇತುವೆಯಾದ ಮೇಲೂ ಪೇಟೆಗೆ ಸುತ್ತು ಬಳಸಿ ಬರುತ್ತಾರೆ.

ಪುತ್ತೂರಿನಲ್ಲಿ ವಿಚಾರಣೆ ನಡೆಯಿತು. "ಕರೆ ಕೇಳಿತೇ?" ಎಂದು ಕೇಳಿದರು. "ಕೇಳಿತು" ಎಂದರು ಕುಕ್ಕಪ್ಪ. ಸುಳ್ಳು ಹೇಳಲು ಬರದ ಮನುಷ್ಯ. "ಮತ್ತೆ ಯಾಕೆ ಉತ್ತರಿಸಲಿಲ್ಲ?" ಕುಕ್ಕಪ್ಪ ನನ್ನ ಮುಖ ನೋಡಿದರು. ಯಾವಾಗಲೂ ಎರಡು ಸಲ ಕರೆಯುತ್ತಿದ್ದೆ, ಅವತ್ತು ಒಂದೇ ಸಲ ಕರೆದೆ ಎಂದು ಅವರಲ್ಲ, ನಾನೇ ಹೇಳಬೇಕಿತ್ತು. ಅದಕ್ಕೇ ನೋಡಿದ್ದು. ನಾನು ಏನು ಮಾಡಿದೆ? ಕೈಯಲ್ಲಿದ್ದ ಫೈಲು ನೋಡಿದೆ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಕುಕ್ಕಪ್ಪನ ಮೌನ ಬಂಗಾರವೇ ಸರಿ. ನನ್ನ ಮೌನಕ್ಕೆ ಯಾವ ಲೋಹದ ಹೆಸರು ಕೊಡುವುದು?

ಕುಕ್ಕಪ್ಪನಿಗೆ ಶಿಕ್ಷೆಯಾಯಿತು. ನನಗೆ ಸಮಯಪಾಲನೆಯ ಪ್ರಶಸ್ತಿ ಪತ್ರ ಬಂತು, ಮರುವರ್ಷ ಬಡ್ತಿಯ ಮೇಲೆ ಮಂಗಳೂರಿಗೆ ಹೋದೆ. ಹೋದ ತಿಂಗಳು ವಾರಿಜಾಕ್ಷಿಗೆ ಈ ವಿಷಯ ಹೇಳಿದೆ. ಏಳು ವರ್ಷದಲ್ಲಿ ಮೊದಲ ಸಲ. ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. ಮತ್ತೆ ಹೇಳಿದಳು: "ನೀವು ಹೇಳದೆ ಸತ್ತರೆ ನಾನು ಹೋಗಿ ಹೇಳುದು. ಆಗ ನಿಮ್ಮ ಮರ್ಯಾದೆ ಎಂತ ಆಗ್ತದೆ ನೋಡಿ."

ನನ್ನ ಕಾಗದ ಇಲ್ಲಿಗೆ ಮುಗಿಯುತ್ತದೆ. ಕೆಳಗೆ ನನ್ನ ಸಹಿ ಉಂಟು. ನಾನು ಒಂದೇ ಸಲ ಕರೆದೆ, ತಪ್ಪು ನನ್ನದು, ರಿಜಿಸ್ಟರನ್ನು ತಿದ್ದಬೇಕು ಎಂದು ಇದನ್ನು ನಾಳೆ ಮೇಲಿನವರಿಗೆ ಕೊಡುವುದು ಎಂದುಕೊಂಡಿದ್ದೆ.

ಕುಕ್ಕಪ್ಪ, ಕೈಸನ್ನೆ ಮಾಡಬೇಡ. ಬೆಳಿಗ್ಗೆಯೂ ನೀನು ಅದನ್ನೇ ಹೇಳಿದೆ. "ಹಳೆಯದ್ದೆಲ್ಲ ಯಾಕೆ ಕುಶಾಲಪ್ಪಣ್ಣ, ಊಟ ಮಾಡಿ ಹೋಗುವಾ." ನಾನು ಕೂರುವುದಿಲ್ಲ.

ಯಾಕೆಂದರೆ, ಸಭಿಕರೇ, ಕಾಗದದಲ್ಲಿ ಬರೆಯದೆ ಬಿಟ್ಟದ್ದು ಒಂದು ಉಂಟು. ಹೆಂಡತಿಗೂ ಹೇಳಿಲ್ಲ. ಹೇಳುತ್ತೇನೆಂದು ಬಸ್ಸಿನಲ್ಲಿ ಬರುವಾಗಲೂ ಅಂದುಕೊಂಡಿರಲಿಲ್ಲ. ಆದರೆ ಈ ಮನುಷ್ಯ ಅಲ್ಲಿ ಕೂತು ನನ್ನನ್ನು ಕಾಪಾಡಲು ಕೈ ಆಡಿಸುತ್ತಿರುವಾಗ ಹೇಗೆ ನುಂಗಲಿ?

ಒಂಬತ್ತನೆಯ ಊರು ಮುಗಿಯುವಾಗ ಎರಡು ಗಂಟೆ ಏಳು ನಿಮಿಷ ಕೂಡ ಆಗಿರಲಿಲ್ಲ. ಮೂರು ನಿಮಿಷ ನಮ್ಮದೇ, ಖಾಲಿ. ಅಧಿಕಾರಿಗಳು ಸ್ಟಾಪ್‌ವಾಚು ನನ್ನ ಮುಖದೆದುರು ಹಿಡಿದು, "ಆರು ನಿಮಿಷ ಐವತ್ತು ಸೆಕೆಂಡು, ಭೇಷ್!" ಎಂದರು. ಆ ಹೊತ್ತಿಗೆ ಸೆಟ್ಟಿನಲ್ಲಿ ದನಿ ಬಂತು. "ಪುತ್ತೂರು, ಪುತ್ತೂರು, ಕೊಲ್ಲಮೊಗ್ರು ಮಾತಾಡುದು. ನೀರು..." ಎರಡು ಹತ್ತಾದ ಮೇಲೆ ಅವರು ಮಾತಾಡಿದ್ದು ಎರಡನೆಯ ಸಲ; ಅದಕ್ಕೂ ಮೊದಲೇ, ಇನ್ನೊಬ್ಬರ ನಿಮಿಷಕ್ಕೆ ಕೈ ಹಾಕದೆ, ಖಾಲಿ ನಿಮಿಷ ನೋಡಿಯೇ ಒಮ್ಮೆ ಮಾತಾಡಿದ್ದರು. ಕೀರಲು ಇಲ್ಲ, ಗುಡ್ಡದ ನೆರಳಿಲ್ಲ. ನಿಮ್ಮ ಜೊತೆ ನಾನೀಗ ಮಾತಾಡುವಷ್ಟು ಸ್ಪಷ್ಟ. ನನ್ನ ಕೈ ಗುಂಡಿಯ ಮೇಲಿತ್ತು. ಈಗ ಉತ್ತರಿಸಿದರೆ, ಹಾಗಾದರೆ ಉತ್ತರವಿಲ್ಲ ಎಂದು ಯಾಕೆ ಬರೆದದ್ದು ಎಂದು ಅಧಿಕಾರಿಗಳು ಕೇಳುತ್ತಾರೆ. ನಾನು ಸೆಟ್ಟು ಆರಿಸಿದೆ. "ಯಾರೋ ಹೊರಗಿನವರು ಸಾರ್, ನಮ್ಮವರು ಹೀಗೆ ನಡುವೆ ಮಾತಾಡುವುದಿಲ್ಲ" ಎಂದೆ. ಅವರನ್ನು ಕಾಫಿಗೆ ಕರೆದುಕೊಂಡು ಹೋದೆ. ಕಾಫಿಯ ಜೊತೆ ಆಗತಾನೆ ಕರಿದ ಬಿಸ್ಕುಟ್ ಅಂಬಡೆ ಇತ್ತು. ನಾನು ಎರಡು ತಿಂದೆ.

ಕುಕ್ಕಪ್ಪ, ಸೆಟ್ಟು ಕೆಟ್ಟಿರಬೇಕು, ಮಳೆಗೆ ಕೇಳಿರಲಿಕ್ಕಿಲ್ಲ ಎಂದು ನೀನು ಇಷ್ಟು ವರ್ಷ ನನಗೆ ಸಮಾಧಾನ ಹೇಳುತ್ತ ಬಂದೆಯಲ್ಲ. ಕೇಳಿತ್ತು ಮಾರಾಯ. ನನಗೆ ಕೇಳಿತ್ತು.

ಈ ಕಾಗದವನ್ನು ನಾನು ಇವತ್ತು ಮತ್ತೆ ಬರೆಯಬೇಕು.

ಕೊನೆಯ ಸಾಲಿನಲ್ಲಿ ಬಾಗಿಲ ಹತ್ತಿರ ಮಗಳ ಜೊತೆ ಕೂತಿರುವವರು ಸುಹರಾ. ಹೋದ ವಾರ ನಾನೇ ಅವರ ಮನೆಗೆ ಹೋಗಿ, ಬನ್ನಿ ಎಂದು ಕೇಳಿಕೊಂಡಿದ್ದೆ. ಬೀಡಿ ಕಟ್ಟುತ್ತಿದ್ದವರು ತಲೆ ಎತ್ತದೆ, "ಅವರ ಸನ್ಮಾನಕ್ಕೆ ನಾನು ಯಾಕೆ?" ಎಂದರು. ಆದರೂ ಬಂದಿದ್ದಾರೆ. ಸುಹರಾ ಅವರೇ, ನೀವು ಅವತ್ತು ಆ ಪ್ರಶ್ನೆ ಕೇಳಿದ ಮನುಷ್ಯ ನಿದ್ದೆ ಮಾಡಿರಲಿಲ್ಲ. ನಿಮ್ಮ ಮನೆಯವರನ್ನು ನಿಲ್ಲಿಸುವುದಕ್ಕೆ ಕೊಲ್ಲಮೊಗ್ರಿನಿಂದ ಓಡಿ ಬಂದಿದ್ದರು. ಅವರ ಮೇಲೆ ನಂಬಿಕೆಯಿಟ್ಟೇ ಹೈದರ್ ದೋಣಿ ಹತ್ತಿದ್ದು, ಆ ನಂಬಿಕೆ ತಪ್ಪಾಗಿರಲಿಲ್ಲ. ತಪ್ಪಿದವನು ನಾನು. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನಿಮಗೆ ಅದೊಂದು ಹೆಚ್ಚಿನ ಹೊರೆ. ಇನ್ನು ಮುಂದೆ ಬೈಯುವುದಿದ್ದರೆ ಸರಿಯಾದ ಮನುಷ್ಯನನ್ನು ಬೈಯಿರಿ ಎಂದು ಮಾತ್ರ.

ಚಾಂಡಿಯವರೇ, ದಯವಿಟ್ಟು ಗಂಟೆ ಬಾರಿಸಬೇಡಿ, ಮುಗಿಸಿದೆ. ಹತ್ತು ನಿಮಿಷ ಮೀರಿ ಎಷ್ಟಾಯಿತೆಂದು ಇವತ್ತು ನಾನು ನೋಡಲಿಲ್ಲ.

ಸುಹರಾ ಎದ್ದರು. ಹೊರಗೆ ಹೋಗುತ್ತಾರೆಂದು... ಇಲ್ಲ. ದಾರಿ ಬಿಡಿ, ಆ ಬೆಂಚು ಸ್ವಲ್ಪ ಸರಿಸಿ. ಈಚೆ ಬರುತ್ತಿದ್ದಾರೆ. ನನ್ನ ಕಡೆ ನೋಡುತ್ತಿಲ್ಲ, ಅದು ಸರಿಯೇ. ಕುಕ್ಕಪ್ಪನ ಕುರ್ಚಿಯ ಕಡೆಗೇ ಬರುತ್ತಿದ್ದಾರೆ. ಎದ್ದು ನಿಲ್ಲು ಕುಕ್ಕಪ್ಪ, ತಲೆ ತಗ್ಗಿಸುವುದು ಇನ್ನು ನಿನ್ನ ಕೆಲಸವಲ್ಲ.

ಅವರಿಬ್ಬರು ಆಡುವ ಮಾತು ಈ ಮೈಕಿಗೆ ಬೀಳಬಾರದು. ನಾನು ಇದನ್ನು ಆರಿಸುತ್ತೇನೆ. ನನ್ನನ್ನು ಮಾತಾಡಲು ಬಿಟ್ಟ ಅಧ್ಯಕ್ಷರಿಗೂ, ಎದ್ದು ಹೋಗದೆ ಕೇಳಿದ ನಿಮಗೂ ಕೃತಜ್ಞತೆಗಳು. ನಮಸ್ಕಾರ.